ಡಬ್ಬಿಯ ಪ್ರಶ್ನೆ ಬಿಟ್ಟೇ ಎಂಟು

ಎಂ.ಫಿಲ್. ಮುಗಿಸಿ ಮುಂಬೈಯ ಒಂದು ತಂಬಾಕು ವ್ಯಸನದ ಸಂಶೋಧನಾ ಯೋಜನೆಗೆ ಆಯ್ಕೆಯಾಗಿದ್ದೀರಿ. ಬರಲೋ ಬೇಡವೋ, ರೂಮು, ಸಂಬಳ, ಭಾಷೆ ಹೇಗೆ, ತಂಬಾಕಿನ ಚಟ ಎಷ್ಟೆಂದು ಅಳೆಯುವ ಫಾಗರ್‌ಸ್ಟ್ರಾಮ್ ಪ್ರಶ್ನಾವಳಿ ಕನ್ನಡದಲ್ಲಿ ನಡೆಯುತ್ತದೆಯೇ ಎಂದು ದಾವಣಗೆರೆಯಿಂದ ಕೇಳಿದ್ದೀರಿ. ಕೊನೆಯ ಸಾಲಿನಲ್ಲಿ ಇನ್ನೊಂದು ಮಾತು ಬರೆದಿದ್ದೀರಿ, ಅದಕ್ಕೆ ಆಮೇಲೆ ಬರುತ್ತೇನೆ.

ಬನ್ನಿ. ಸಂಬಳ ಸಾಲುವುದಿಲ್ಲ, ಯಾರಿಗೂ ಸಾಲುವುದಿಲ್ಲ. ರೂಮಿಗೆ ಹನ್ನೊಂದು ತಿಂಗಳ ಕರಾರು, ಡಿಪಾಸಿಟ್ಟು, ದಲ್ಲಾಳಿಗೆ ಒಂದಿಷ್ಟು. ಲೋಕಲ್ ರೈಲಿನ ಹಾರ್ಬರ್ ಲೈನಿನ ಕಡೆ ನೋಡಿ. ಯೋಜನೆಯ ಅನುದಾನ ಮುಗಿದರೆ ಕೆಲಸವೂ ಮುಗಿಯುತ್ತದೆ. ಆದ್ದರಿಂದ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿಯನ್ನು ಮಾತ್ರ ನವೀಕರಿಸದೆ ಬಿಡಬೇಡಿ. ಊಟಕ್ಕೆ ಮಾಟುಂಗ ಇದೆ. ಬೆಣ್ಣೆ ದೋಸೆ ಹುಡುಕಬೇಡಿ, ಬೇಸರವಾಗುತ್ತದೆ.

ನಾನು ಕುಂದಾಪುರದಿಂದ ಬಂದಿಳಿದದ್ದು 1998ರ ಜೂನ್‌ನಲ್ಲಿ. ಕೊಂಕಣ ರೈಲು ಪೂರ್ತಿ ಓಡತೊಡಗಿದ ವರ್ಷ. ಕುರ್ಲಾ ಟರ್ಮಿನಸ್ಸಿನಲ್ಲಿ ಮಳೆ ಸುರಿಯುತ್ತಿತ್ತು. ಸೋದರಮಾವ ಕೊಡೆ ಹಿಡಿದು ನಿಂತಿದ್ದರು, ಬಾಯಿ ತುಂಬ ಎಲೆ ಅಡಿಕೆ ಹೊಗೆಸೊಪ್ಪು. 'ಬಂದೆಯಾ' ಎನ್ನಲೂ ಬಾಯಿ ತೆರೆಯುವಂತಿರಲಿಲ್ಲ. ಕೈಯಲ್ಲೇ ಪೆಟ್ಟಿಗೆ ಕೊಡು, ಆ ಕಡೆ ನಡೆ ಎಂದು ಸನ್ನೆ ಮಾಡಿದರು. ಮಾಟುಂಗದ ಒಂದು ಹೋಟೆಲಿನ ಗಲ್ಲೆಯಲ್ಲಿ ಮೂವತ್ತು ವರ್ಷ ಕೂತವರು ಅವರು. ನನ್ನ ಮೊದಲ ಎರಡು ವರ್ಷ ಕಳೆದದ್ದು ಅವರ ಖೋಲಿಯಲ್ಲೇ.

ಭಾಷೆಯ ವಿಷಯ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. ಮರಾಠಿ ಕಲಿಯಲೇಬೇಕು. ಅದರ ಜೊತೆಗೆ ಕ್ರಿಯಾಪದಗಳನ್ನು ಕಲಿಯಿರಿ. ಇಲ್ಲಿ ಸಿಗರೇಟು ಎಳೆಯುತ್ತಾರೆ, ತಂಬಾಕು ತಿನ್ನುತ್ತಾರೆ, ಹುರಿದು ಪುಡಿ ಮಾಡಿದ ಮಿಶ್ರಿಯನ್ನು ಹಲ್ಲಿಗೆ ಹಚ್ಚುತ್ತಾರೆ. 'ತಂಬಾಕು ತಿನ್ನುತ್ತೀರಾ' ಎಂದು ಕೇಳಿದರೆ ಮಿಶ್ರಿ ಹಚ್ಚುವ ಹೆಂಗಸು ಇಲ್ಲ ಎನ್ನುತ್ತಾಳೆ. ಸುಳ್ಳು ಹೇಳುತ್ತಿಲ್ಲ, ಅವಳು ತಿನ್ನುವುದಿಲ್ಲ. ಮೊದಲ ವರ್ಷ ನಾನು ಎಷ್ಟು ಫಾರಂಗಳಲ್ಲಿ 'ಇಲ್ಲ' ಎಂದು ಗೀಟು ಎಳೆದೆನೋ! ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ನಡುವೆ ನಿಮ್ಮ ಕನ್ನಡ ಉಪಯೋಗಕ್ಕೆ ಬರುತ್ತದೆ. ಆದರೆ ಅದು ದಾವಣಗೆರೆಯ ಕನ್ನಡವಲ್ಲ, ತಾಳ್ಮೆ ಇರಲಿ.

ಇನ್ನು ಪ್ರಶ್ನಾವಳಿ. ಸ್ವೀಡನ್ನಿನ ಮನೋವಿಜ್ಞಾನಿ ಕಾರ್ಲ್ ಫಾಗರ್‌ಸ್ಟ್ರಾಮ್ 1978ರಲ್ಲಿ ಎಂಟು ಪ್ರಶ್ನೆ ಇಟ್ಟುಕೊಂಡು ಶುರುಮಾಡಿದರು. 1991ರಲ್ಲಿ ಅದು ಆರಕ್ಕೆ ಇಳಿದು ಹತ್ತು ಅಂಕಗಳ ಪರೀಕ್ಷೆಯಾಯಿತು. ನಿಕೋಟಿನ್ ಎಂಬ ಪದ ತೆಗೆದು ಸಿಗರೇಟು ಅವಲಂಬನೆಯ ಪರೀಕ್ಷೆ ಎನ್ನೋಣ ಎಂದು 2012ರಲ್ಲಿ ಅವರೇ ಬರೆದರು. ಸರಿಯಾದ ಮಾತು, ಆದರೆ ನಮಗೆ ಅದರಿಂದ ಅರ್ಧ ಕೆಲಸವೂ ಆಗುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸೇದುವವರು ಶೇ. 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 21.4. ಹೊಗೆಯಿಲ್ಲದ್ದಕ್ಕೆ ಬೇರೆ ಆವೃತ್ತಿ 2006ರಲ್ಲಿ ಬಂತು. ಅದರಲ್ಲಿ 'ವಾರಕ್ಕೆ ಎಷ್ಟು ಡಬ್ಬಿ' ಎಂಬ ಪ್ರಶ್ನೆಯಿದೆ. ನಮ್ಮಲ್ಲಿ ಎಲೆಯ ಕಟ್ಟು, ಹತ್ತು ರೂಪಾಯಿಯ ಪೊಟ್ಟಣ. ಡಬ್ಬಿ ಎಲ್ಲಿಂದ ಬರಬೇಕು?

2007ರ ಒಂದು ಭಾನುವಾರ ನನ್ನ ಕನ್ನಡ ಅನುವಾದ ಸರಾಗವಾಗಿದೆಯೇ ಎಂದು ನೋಡಲು ಮಾವನನ್ನೇ ಕೂರಿಸಿಕೊಂಡೆ. ಎದ್ದ ಎಷ್ಟು ಹೊತ್ತಿಗೆ ಮೊದಲ ಸಲ ಹಾಕುತ್ತೀರಿ? 'ಮುಖ ತೊಳೆಯುವ ಮೊದಲೇ.' ಮೂರು ಅಂಕ. ರಸ ನುಂಗುತ್ತೀರಾ? ಮಾವ ನಕ್ಕರು. 'ಗಲ್ಲೆಯಲ್ಲಿ ಕೂತವನು ಗಿರಾಕಿಯನ್ನು ನಿಲ್ಲಿಸಿ ಉಗುಳಲು ಏಳಲಾಗುತ್ತದೆಯೇ ಮಗೂ? ನುಂಗುತ್ತೇನೆ.' ಎರಡು. ಯಾವುದನ್ನು ಬಿಡುವುದು ಅತಿ ಕಷ್ಟ? ಬೆಳಗಿನದು. ಬೆಳಿಗ್ಗೆ ಹೆಚ್ಚೇ? ಹೌದು. ಜ್ವರ ಬಂದು ಮಲಗಿದಾಗಲೂ? ಹೌದು. ಡಬ್ಬಿಯ ಪ್ರಶ್ನೆ ಬಿಟ್ಟೇ ಎಂಟು ಬಂತು. 'ಪಾಸಾದೆನಾ?' ಎಂದರು. 'ನುಂಗುತ್ತೀರಾ' ಎಂಬ ಪದ ಎಲ್ಲರಿಗೂ ಅರ್ಥವಾಗುತ್ತದೆ ಎಂದು ಅಂಚಿನಲ್ಲಿ ಗುರುತು ಹಾಕಿಕೊಂಡು ಕಾಫಿ ಮಾಡಲು ಎದ್ದೆ. ಅಷ್ಟೇ.

ಕೇಳು, ಸಲಹೆ ಕೊಡು, ಅಳೆ, ನೆರವಾಗು, ಮುಂದಿನ ಭೇಟಿ ಗೊತ್ತುಮಾಡು: ತಂಬಾಕು ಬಿಡಿಸುವ ಈ ಐದು ಹೆಜ್ಜೆಗಳನ್ನು ನಿಮಗೂ ಪಾಠ ಮಾಡಿರುತ್ತಾರೆ. ನಾನು ಬೇರೆಯವರಿಗೆ ಪಾಠ ಮಾಡುತ್ತಿದ್ದೆ. ಮಾವನ ಹತ್ತಿರ ಕೇಳಿದೆ, ಅಳೆದೆ. ನಿಕೋಟಿನ್ ಗಮ್ಮನ್ನು ಸ್ವಲ್ಪ ಜಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆಯ ಮೂಲೆಗೆ ಒತ್ತಿಡಬೇಕು ಎಂದು ಅಪರಿಚಿತರಿಗೆ ವಾರಗಟ್ಟಲೆ ಕಲಿಸುತ್ತಿದ್ದೆ. ಮಾವನಿಗಾದರೆ ಅದನ್ನು ಕಲಿಸುವ ಅಗತ್ಯವೂ ಇರಲಿಲ್ಲ. ಹೊಗೆಸೊಪ್ಪನ್ನು ಅವರು ಹಾಗೆಯೇ ಇಟ್ಟುಕೊಳ್ಳುತ್ತಿದ್ದರು.

2010ರ ಚೌತಿಯ ಊಟದಲ್ಲಿ ಮಾವ ಸಾರನ್ನು ಸರಿಸಿ ನೇರವಾಗಿ ಮಜ್ಜಿಗೆ ಅನ್ನಕ್ಕೆ ಬಂದರು. 'ವಯಸ್ಸಾಯಿತು, ಖಾರ ತಡೆಯುವುದಿಲ್ಲ' ಎಂದರು. ಉಪ್ಪಿನಕಾಯಿ ಮಿಡಿಯನ್ನು ಬರಿಗೈಯಲ್ಲಿ ತಿನ್ನುತ್ತಿದ್ದ ಮನುಷ್ಯ! ಖಾರಕ್ಕೆ ಬಾಯಿ ಉರಿಯುವುದು ಯಾವುದರ ಸೂಚನೆಯೆಂದು ಹಿಂದಿನ ವಾರವೇ ಒಂದು ತರಬೇತಿಯಲ್ಲಿ ಹೇಳಿ ಬಂದಿದ್ದೆ. ಇಲ್ಲಿ ಎರಡನೆಯ ಸಲ ಮಜ್ಜಿಗೆ ಬಡಿಸಿದೆ. ಮರುವರ್ಷ ಶಸ್ತ್ರಚಿಕಿತ್ಸೆಯಲ್ಲಿ ಕೆಳದವಡೆಯ ಎಡಭಾಗ ಹೋಯಿತು. ಆಮೇಲೆ ಮೂರು ವರ್ಷ ಬದುಕಿದರು. ಮಾತು ಹೆಚ್ಚೇನೂ ಬರುತ್ತಿರಲಿಲ್ಲ. ಕೈಸನ್ನೆಯಲ್ಲೇ ಹೇಳುತ್ತಿದ್ದರು, ಕುರ್ಲಾದಲ್ಲಿ ಹೇಳಿದ ಹಾಗೆ. ನನ್ನ ಕನ್ನಡ ಆವೃತ್ತಿ ಚೆನ್ನಾಗಿದೆ ಎಂದು ಈಗಲೂ ಜನ ಹೇಳುತ್ತಾರೆ. ಚೆನ್ನಾಗಿಯೇ ಇದೆ. ಬೇಕಿದ್ದರೆ ಕಳಿಸುತ್ತೇನೆ.

ಈಗ ನಿಮ್ಮ ಕೊನೆಯ ಸಾಲು: 'ನಮ್ಮ ಅಪ್ಪನೂ ಹಾಕುತ್ತಾರೆ ಮೇಡಂ, ಅದಿರಲಿ.' ಅದು ಹೇಗೆ ಇರಲಿ? ಕೆಲಸಕ್ಕೆ ಸೇರಲು ಇನ್ನೂ ಮೂರು ವಾರ ಇದೆ ಎಂದಿದ್ದೀರಿ. ಸೀರೆ, ಪುಸ್ತಕ ಕಟ್ಟುವುದನ್ನು ಕೊನೆಯ ಎರಡು ದಿನಕ್ಕೆ ಇಟ್ಟುಕೊಳ್ಳಿ. ಅಪ್ಪ ಬಾಯಿ ಎಷ್ಟು ಅಗಲ ತೆರೆಯುತ್ತಾರೆ, ಮಿರ್ಚಿ ಮಂಡಕ್ಕಿ ಮೊದಲಿನ ಹಾಗೆ ತಿನ್ನುತ್ತಾರೆಯೇ ನೋಡಿ. ಮಗಳ ಮಾತು ನಡೆಯದಿದ್ದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-112-356ಕ್ಕೆ ಫೋನ್ ಮಾಡಿಸಿ. ಅದು ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ರೈಲಿನ ಟಿಕೆಟು ಆದ ಮೇಲೆ ತಿಳಿಸಿ, ದಾದರಿಗೆ ನಾನೇ ಬರುತ್ತೇನೆ. ಮಳೆಗಾಲವಾದರೆ ಕೊಡೆ ತರುತ್ತೇನೆ.