220 ರೂಪಾಯಿ ಕಡಿಮೆ ಇತ್ತು, 1,770 ಹೋಯಿತು

ಸಂಬಳ 14,000, ಇಎಂಐ ತಾರೀಖಿಗೆ ಖಾತೆ ಬರಿದು, ಪ್ರತಿ ತಿಂಗಳೂ ಓಡಿ (ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಸಾಲ). ಬಡ್ಡಿ ಕಡಿಮೆ ಇರುವ ಬ್ಯಾಂಕ್ ಯಾವುದು ಅಂತ ಕೇಳಿದ್ದೀರಿ. ಇದನ್ನೇ ಕೇಳಿಕೊಂಡು ಮೂರು ಬ್ಯಾಂಕ್ ಸುತ್ತಿದವಳು ನಾನು.

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸಂಬಳ 10ಕ್ಕೆ. 2022ರ ಜನವರಿಯಲ್ಲಿ ನಮ್ಮನೆಯವರ ಓಡಾಟಕ್ಕೆ ಅಂತ ನನ್ನ ಹೆಸರಲ್ಲಿ ಸ್ಕೂಟರ್ ಸಾಲ ತೆಗೆದೆವು. ಕಂತು 2,860, ತಾರೀಖು 5. ಸಹಿ ಹಾಕುವಾಗ ಆ 5ರ ಕಡೆ ಯಾರು ನೋಡುತ್ತಾರೆ ಹೇಳಿ. ಬಡ್ಡಿ ಎಷ್ಟು, ಎಷ್ಟು ತಿಂಗಳು, ಅಷ್ಟೇ ಕೇಳಿದ್ದು.

ಜೂನ್ 5 ಭಾನುವಾರ ಬಂತು. ಶನಿವಾರ ಸಂಜೆ ಖಾತೆಯಲ್ಲಿದ್ದದ್ದು 2,640. ಸಾಸಿವೆ ಡಬ್ಬಿಯಲ್ಲಿ 500ರ ನೋಟು ಒಂದಿತ್ತು. ಪಕ್ಕದ ಅಂಗಡಿಯವರಿಗೆ ಆ ನೋಟು ಕೊಟ್ಟು ಫೋನ್‌ಪೇ ಮಾಡಿಸಿಕೊಂಡಿದ್ದರೆ ಎರಡು ನಿಮಿಷದ ಕೆಲಸ. ಮಾಡಲಿಲ್ಲ. ಭಾನುವಾರ ಬ್ಯಾಂಕ್ ರಜೆ, ಸೋಮವಾರ ತಾನೇ ಕಟ್ ಆಗೋದು ಅಂದುಕೊಂಡೆ. ಸೋಮಾರಿತನ ಅಲ್ಲ, ಹಿಂದೆ ನಮ್ಮಣ್ಣನ ಸಾಲದಲ್ಲಿ ಹಾಗೇ ಆಗುತ್ತಿತ್ತು. ಆದರೆ 2021ರ ಆಗಸ್ಟ್ 1ರಿಂದ ಕಂತು ಎಳೆಯುವ ನ್ಯಾಚ್ ವ್ಯವಸ್ಥೆ ವಾರದ ಏಳೂ ದಿನ ನಡೆಯುತ್ತದೆ. ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ನನಗೆ ಹೇಳಿದವರಿಲ್ಲ.

ಭಾನುವಾರ ಬೆಳಿಗ್ಗೆ ಇಡ್ಲಿ ಹಿಟ್ಟು ಕಲಸುತ್ತಿದ್ದೆ, ಹಣ ಸಾಲದೆ ಕಂತು ಬೌನ್ಸ್ ಅಂತ ಮೆಸೇಜು. ಸೋಮವಾರ ನಮ್ಮನೆಯವರು ಹೋಗಿ ಆ 500 ಕಟ್ಟಿ ಬಂದರು. 2,640ಕ್ಕೆ 500 ಸೇರಿದರೆ 3,140, ಸಾಕು ಅಂತ ನಾನು ನಿಶ್ಚಿಂತೆಯಾಗಿ ಲೈನಿಗೆ ಹೋದೆ. ಅಷ್ಟರಲ್ಲಿ ಬ್ಯಾಂಕಿನವರು ಬೌನ್ಸ್ ಚಾರ್ಜ್ ಅಂತ 250, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 295 ಎತ್ತಿಕೊಂಡಿದ್ದರು. ಖಾತೆಯಲ್ಲಿ ಉಳಿದದ್ದು 2,845. ಸಾಲ ಕೊಟ್ಟ ಫೈನಾನ್ಸ್‌ನವರು ಬುಧವಾರ ಮತ್ತೆ ಕಂತು ಎಳೆದರು. 15 ರೂಪಾಯಿ ಕಡಿಮೆ. ಮತ್ತೆ ಬೌನ್ಸ್, ಮತ್ತೆ 295. ನಮ್ಮಲ್ಲಿ ಫೋನ್ ಗೇಟಿನ ಹತ್ತಿರ ಇಟ್ಟು ಒಳಗೆ ಹೋಗಬೇಕು, ಹಾಗಾಗಿ ನೋಡಿದ್ದು ಸಂಜೆ ಐದೂವರೆಗೆ. ಫೈನಾನ್ಸ್‌ನವರದ್ದು ಬೇರೆ, ಸಲಕ್ಕೆ 590. ಎಲ್ಲ ಕೂಡಿಸಿ 1,770. ಮೊದಲು ಕಡಿಮೆ ಇದ್ದದ್ದು 220.

ಆಗಲೇ ನಾನು ಓಡಿ ಸಾಲ ಹುಡುಕಿಕೊಂಡು ಹೊರಟದ್ದು. ಈಗ ಹೇಳ್ತೀನಿ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಓಡಿಯಲ್ಲಿ ಬಳಸಿದ ಹಣಕ್ಕೆ, ಬಳಸಿದ ದಿನಕ್ಕೆ ಮಾತ್ರ ಬಡ್ಡಿ. ವರ್ಷಕ್ಕೆ 12% ಅಂತಲೇ ಇಟ್ಟುಕೊಳ್ಳಿ, 2,000ಕ್ಕೆ ಹತ್ತು ದಿನದ ಬಡ್ಡಿ ಏಳು ರೂಪಾಯಿಯೂ ಆಗಲ್ಲ. ಬ್ಯಾಂಕ್ ಬದಲಾಯಿಸಿ ನೀವು ಉಳಿಸುವುದು ಒಂದು ಟೀ ದುಡ್ಡು. ದುಡ್ಡು ಹೋಗುತ್ತಿರುವುದು ಬೌನ್ಸಿನಲ್ಲಿ, ಓಡಿ ಮಾಡಿಸುವ ಮತ್ತು ನವೀಕರಿಸುವ ಫೀಸಿನಲ್ಲಿ. ಸಾಲದ್ದಕ್ಕೆ ಸಂಬಳ ಬಿದ್ದ ತಕ್ಷಣ ಹಳೇ ಓಡಿ ಅದನ್ನು ನುಂಗುತ್ತದೆ, ಮಾರನೇ ದಿನ ಅದನ್ನೇ ಮತ್ತೆ ತೆಗೆಯುತ್ತೀರಿ, ಅಲ್ವಾ?

ನಾನು ಮಾಡಿದ್ದು ಇಷ್ಟು. ಪೇ ಸ್ಲಿಪ್ ಹಿಡಿದುಕೊಂಡು ಫೈನಾನ್ಸ್ ಆಫೀಸಿಗೆ ಹೋಗಿ, ಸಂಬಳ 10ಕ್ಕೆ ಬರುತ್ತದೆ, ಕಂತು 12ಕ್ಕೆ ಮಾಡಿ ಅಂತ ಬರೆದುಕೊಟ್ಟೆ. ಕೌಂಟರಿನ ಹುಡುಗ ಸಿಸ್ಟಮ್‌ನಲ್ಲಿ ಆಗಲ್ಲ ಮೇಡಂ ಅಂದ. ಮ್ಯಾನೇಜರ್ ಬರುವವರೆಗೆ ಅಲ್ಲೇ ಕೂತೆ. ಹೊಸ ಮ್ಯಾಂಡೇಟ್ (ಖಾತೆಯಿಂದ ಕಂತು ಎಳೆಯಲು ಕೊಡುವ ಒಪ್ಪಿಗೆ) ಫಾರ್ಮಿಗೆ ಸಹಿ ಹಾಕಿಸಿಕೊಂಡರು, ಎರಡನೇ ತಿಂಗಳಿಂದ 12 ಆಯಿತು. ಆಗುತ್ತದೆ, ಸುಮ್ನೆ ಆಗಲ್ಲ ಅಂತಾರೆ. ಆ ಫಾರ್ಮಿನಲ್ಲೇ ಕಂತಿಗೆ ಅಂತ ಬೇರೆ ಬ್ಯಾಂಕಿನ ಜೀರೋ ಬ್ಯಾಲೆನ್ಸ್ ಖಾತೆಯ ನಂಬರು ಕೊಟ್ಟೆ. ಅದಕ್ಕೆ ಫೋನ್‌ಪೇ ಜೋಡಿಸಿಲ್ಲ, ಬೇಕಂತಲೇ. 10ಕ್ಕೆ ಕಂತಿನ ಹಣ, ಮೇಲೆ 300 ಅಲ್ಲಿಗೆ ಹಾಕುತ್ತೇನೆ. ಆ 300 ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಷ್ಟಾಗಿಯೂ ಓಡಿ ಬೇಕೇ ಬೇಕು ಅಂದರೆ ನಿಮ್ಮದು ಜನಧನ್ ಖಾತೆಯಾ ನೋಡಿ. ಅದರಲ್ಲಿ ಓಡಿ ಮಿತಿ 2018ರಲ್ಲಿ 5,000ದಿಂದ 10,000ಕ್ಕೆ ಏರಿದೆ, 2,000ದವರೆಗೆ ಷರತ್ತಿಲ್ಲದೆ ಕೊಡಬೇಕು ಅಂತ ಇದೆ. ಖಾತೆ ಆರು ತಿಂಗಳು ಸರಿಯಾಗಿ ನಡೆದಿರಬೇಕು. ನನ್ನನ್ನಂತೂ ಮೂರು ಸಲ ಅಲೆದಾಡಿಸಿದರು, ಕೊನೆಗೆ ಬಿಟ್ಟೆ. ಅದಕ್ಕಿಂತ ಗೊತ್ತಿರುವವರ ಹತ್ತಿರ ಕೈಗಡ ವಾಸಿ. ಐದು ನಿಮಿಷದಲ್ಲಿ ಸಾಲ ಅನ್ನುವ ಆ್ಯಪ್‌ಗಳ ಹತ್ತಿರ ಮಾತ್ರ ಹೋಗಬೇಡಿ.

ಮಿನಿಮಮ್ ಬ್ಯಾಲೆನ್ಸ್ ದಂಡದಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗಿದ್ದರೆ ಅದು ಬೇರೆ ವಿಷಯ. 2015ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಅದಕ್ಕೆ ಬಿಡುವುದಿಲ್ಲ, ದೂರು ಕೊಡಿ.

ಮೊದಲು ಪಾಸ್‌ಬುಕ್ ಎಂಟ್ರಿ ಮಾಡಿಸಿ, ಮೂರು ತಿಂಗಳ ರಿಟರ್ನ್ ಚಾರ್ಜ್ (ಬೌನ್ಸ್ ಚಾರ್ಜ್‌ಗೇ ಇನ್ನೊಂದು ಹೆಸರು) ಎಷ್ಟಾಯಿತು ಅಂತ ಕೂಡಿಸಿ ಇಲ್ಲೇ ಹಾಕಿ. ಫೈನಾನ್ಸ್‌ನವರಿಗೆ ಬರೆದ ಪತ್ರದ ಫೋಟೊ ನನ್ನ ಹತ್ತಿರ ಇನ್ನೂ ಇದೆ, ಬೇಕಿದ್ದರೆ ಹೇಳಿ.