ತಪ್ಪು ಒಪ್ಪಿಕೊಂಡರೆ ಶಿಕ್ಷೆ ಕಮ್ಮಿ ಆಗುತ್ತಾ?

ಪ್ರಶ್ನೆ: ನನ್ನ ತಮ್ಮನಿಗೆ 22 ವರ್ಷ. ಇಬ್ಬರು ಗೆಳೆಯರ ಜೊತೆ ಸೇರಿ ಬೈಕ್ ಕದ್ದ ಕೇಸಿನಲ್ಲಿ ಎರಡು ತಿಂಗಳು ಜೈಲಿನಲ್ಲಿದ್ದ. ಈಗ ಜಾಮೀನಿನ ಮೇಲೆ ಹೊರಗಿದ್ದಾನೆ. ಭಾರತೀಯ ನ್ಯಾಯ ಸಂಹಿತೆಯ ಕಳ್ಳತನದ ಸೆಕ್ಷನ್ 303(2) ಒಂದೇ ಹಾಕಿದ್ದಾರೆ. ಹಿಂದೆ ಯಾವ ಕೇಸೂ ಇಲ್ಲ. ಒಪ್ಪಿಕೊಂಡರೆ ಶಿಕ್ಷೆ ಕಮ್ಮಿ ಎಂದು ವಕೀಲರು ಹೇಳುತ್ತಾರೆ. 'ಉಳಿದಿಬ್ಬರ ವಿಷಯ ಬಾಯಿಬಿಡು, ಮಾಫಿ ಸಾಕ್ಷಿ ಮಾಡಿಸುತ್ತೇವೆ' ಎಂದು ಪೊಲೀಸರು ಹೇಳುತ್ತಾರೆ. ಅವನು ಕದ್ದದ್ದು ನಿಜ, ನನ್ನ ಹತ್ತಿರ ಅತ್ತು ಹೇಳಿದ. ಯಾರ ಮಾತು ಕೇಳಲಿ ಸಾರ್?

ಉತ್ತರ: ಪೊಲೀಸರ ಮಾತನ್ನು ಮೊದಲು ಬದಿಗಿಡಿ ಅಮ್ಮಾ. ಮಾಫಿ ಸಾಕ್ಷಿ ಎಂದರೆ ಜೊತೆಗಾರರ ವಿರುದ್ಧ ಸಾಕ್ಷಿ ಹೇಳುವ ಷರತ್ತಿನ ಮೇಲೆ ಕ್ಷಮೆ ಪಡೆದವನು. ಆ ಮಾಫಿ ಕೊಡುವುದು ಮ್ಯಾಜಿಸ್ಟ್ರೇಟ್ ಅಥವಾ ಕೋರ್ಟು, ಠಾಣೆಯಲ್ಲ. ಅದೂ ಸೆಷನ್ಸ್ ಕೋರ್ಟೇ ನಡೆಸಬೇಕಾದ ಕೇಸು, ವಿಶೇಷ ನ್ಯಾಯಾಧೀಶರ ಕೇಸು, ಇಲ್ಲವೇ ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆ ಇರುವ ಅಪರಾಧಕ್ಕೆ. 303(2)ಕ್ಕೆ ಹೆಚ್ಚೆಂದರೆ ಮೂರು ವರ್ಷ. ನಿಮ್ಮ ತಮ್ಮನಿಗೆ ಆ ದಾರಿಯೇ ಇಲ್ಲ.

ವಕೀಲರು ಹೇಳಿದ್ದು ಸರಿ. ಆದರೆ ಒಪ್ಪಿಕೊಳ್ಳುವುದಕ್ಕೆ ಎರಡು ಬಾಗಿಲಿವೆ. ಜನ ಎಡವುವುದು ಇಲ್ಲೇ. ಕೋರ್ಟಿನಲ್ಲಿ ಚಾರ್ಜ್, ಅಂದರೆ ದೋಷಾರೋಪ, ಓದಿ ಹೇಳಿದಾಗ 'ಹೌದು ಸ್ವಾಮಿ, ತಪ್ಪಾಯ್ತು' ಅನ್ನುವುದು ಒಂದು. ಅಲ್ಲಿ ಇಷ್ಟೇ ರಿಯಾಯಿತಿ ಎಂಬ ಲೆಕ್ಕವಿಲ್ಲ. ವಕಾಲತ್ತು ಶುರುಮಾಡಿದ ಹೊಸದರಲ್ಲಿ ನನ್ನ ಕಕ್ಷಿದಾರನೊಬ್ಬ ನಾನು ಪಕ್ಕದ ಹಾಲ್‌ನಲ್ಲಿದ್ದಾಗ ಸುಮ್ನೆ ಹಾಗೆ ಹೇಳಿಬಿಟ್ಟ. ನಾನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಓಟ ಇನ್ನೂ ನೆನಪಿದೆ.

ಎರಡನೆಯದು ಪ್ಲೀ ಬಾರ್ಗೇನಿಂಗ್, ಅಂದರೆ ತಪ್ಪು ಒಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾತುಕತೆಯಲ್ಲಿ ಒಪ್ಪಂದ ಮಾಡಿಕೊಳ್ಳುವುದು. 2006ರಲ್ಲಿ ನಮ್ಮಲ್ಲಿ ಬಂತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 289ರಿಂದ 300ರವರೆಗಿನ ಸೆಕ್ಷನ್‌ಗಳಲ್ಲಿದೆ. ಚಾರ್ಜ್ ಫ್ರೇಮ್ ಆದ (ಕೋರ್ಟು ದೋಷಾರೋಪ ಹೊರಿಸಿದ) 30 ದಿನದೊಳಗೆ ಅಫಿಡವಿಟ್ ಜೊತೆ ಅರ್ಜಿ ಹಾಕಬೇಕು. ನ್ಯಾಯಾಧೀಶರು ನಿಮ್ಮ ತಮ್ಮನನ್ನು ಒಬ್ಬನನ್ನೇ ಕೂರಿಸಿ, ಯಾರಾದರೂ ಹೆದರಿಸಿದ್ದಾರಾ ಎಂದು ವಿಚಾರಿಸುತ್ತಾರೆ. ಆಮೇಲೆ ಸರ್ಕಾರಿ ವಕೀಲರು, ತನಿಖಾಧಿಕಾರಿ, ಬೈಕ್ ಮಾಲೀಕರು ಎಲ್ಲ ಕೂತು 60 ದಿನದೊಳಗೆ ಮಾತು ಮುಗಿಸಬೇಕು. ಬೈಕ್ ಮಾಲೀಕರಿಗೆ ಆದ ನಷ್ಟ ತುಂಬಿಕೊಡುವ ಮಾತು ಅಲ್ಲೇ ಬರುತ್ತದೆ. ದುಡ್ಡು ಹೊಂದಿಸಿಕೊಂಡೇ ಹೋಗಿ. ಮಾತುಕತೆ ಮುರಿದರೂ ಅವನು ಅರ್ಜಿಯಲ್ಲಿ ಹೇಳಿದ್ದನ್ನು ಬೇರೆಲ್ಲೂ ಅವನ ವಿರುದ್ಧ ಬಳಸುವಂತಿಲ್ಲ.

ಒಪ್ಪಂದವಾದರೆ ಮಾಮೂಲಿಗೆ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗ, ಮೊದಲ ಸಲದವರಿಗೆ ಆರನೇ ಒಂದು ಭಾಗ. ಮೂರು ವರ್ಷದಲ್ಲಿ ಆರನೇ ಒಂದು ಎಂದರೆ ಆರು ತಿಂಗಳು. ಜೈಲಿನಲ್ಲಿ ಕಳೆದ ಎರಡು ತಿಂಗಳು ವಜಾ. ಉಳಿದದ್ದು ನಾಲ್ಕು.

ಆ ನಾಲ್ಕೂ ಬೇಡ ಎನ್ನಬಹುದು. 1958ರ ಪ್ರೊಬೇಷನ್ ಕಾಯ್ದೆಯಡಿ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅವಕಾಶವಿದೆ. ವಕೀಲರು ಮೊದಲು ಅದನ್ನೇ ಕೇಳಲಿ. ಆ ಕಾಯ್ದೆಯಲ್ಲಿ ಬಿಟ್ಟರೆ ಶಿಕ್ಷೆಯಾದವನೆಂಬ ಅನರ್ಹತೆ ಅಂಟಿಕೊಳ್ಳುವುದಿಲ್ಲ. 22ರ ಹುಡುಗನಿಗೆ ನಾಲ್ಕು ತಿಂಗಳಿಗಿಂತ ಇದು ಜಾಸ್ತಿ ಮುಖ್ಯ, ಅಲ್ವಾ?

ಇನ್ನೊಂದು ಮಾತು. ಒಪ್ಪಂದದ ತೀರ್ಪಿನ ಮೇಲೆ ಮಾಮೂಲಿ ಅಪೀಲು ಇಲ್ಲ. ಹೈಕೋರ್ಟಿಗೆ ರಿಟ್, ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, ಅಷ್ಟೇ. ಕದಿಯದೆ ಇದ್ದವನಾಗಿದ್ದರೆ ಈ ಬಾಗಿಲ ಹತ್ತಿರವೂ ಸುಳಿಯಬೇಡ ಎನ್ನುತ್ತಿದ್ದೆ.

ಎಲ್ಲ ಕಡೆಯೂ ಬೆಲೆ ಇರುವುದು ಬೇಗ ಹೇಳಿದ್ದಕ್ಕೆ, ಅತ್ತಿದ್ದಕ್ಕಲ್ಲ. ಇಂಗ್ಲೆಂಡಿನಲ್ಲಿ ಮೊದಲ ಹಂತದಲ್ಲೇ ಒಪ್ಪಿಕೊಂಡರೆ ಮೂರನೇ ಒಂದು ಭಾಗ ಕಡಿತ, ವಿಚಾರಣೆಯ ದಿನ ಬೆಳಿಗ್ಗೆ ಒಪ್ಪಿಕೊಂಡರೆ ಹತ್ತನೇ ಒಂದು.

ಚಾರ್ಜ್ ಫ್ರೇಮ್ ಆಗಿದೆಯಾ, ಆಗಿದ್ದರೆ ಯಾವ ತಾರೀಖು? ನಿಮ್ಮ ಪತ್ರದಲ್ಲಿ ಅದೊಂದೇ ಇಲ್ಲ. ಇವತ್ತೇ ವಕೀಲರಿಗೆ ಫೋನ್ ಮಾಡಿ ಕೇಳಿ.