ಗಾಯಕರ ಪಕ್ಕದಲ್ಲೇ ಜೀವನ ಕಳೆದ ಗಿಟಾರ್ ವಾದಕರಲ್ಲಿ ನಿಮಗೆ ತುಂಬಾ ಇಷ್ಟವಾದವರು ಯಾರು? ಯಾಕೆ?

ಹ್ಯೂಬರ್ಟ್ ಸಮ್ಲಿನ್. ನನಗೆ ಬೇರೆ ಹೆಸರೇ ಹೊಳೆಯುವುದಿಲ್ಲ. ಬ್ಲೂಸ್ ಎಂಬ, ಅಮೆರಿಕದ ಕಪ್ಪುಜನರ ಸಂಗೀತದ ಹಾಡುಗಾರ ಹೌಲಿನ್ ವುಲ್ಫ್ ಪಕ್ಕದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಗಿಟಾರ್ ನುಡಿಸಿದವರು ಇವರು.

ಹುಟ್ಟಿದ್ದು 1931ರಲ್ಲಿ, ಅಮೆರಿಕದ ಮಿಸಿಸಿಪ್ಪಿಯಲ್ಲಿ. ಬೆಳೆದದ್ದು ಅಲ್ಲೇ ಪಕ್ಕದ ಆರ್ಕನ್ಸಾದಲ್ಲಿ. ಹುಡುಗನಾಗಿದ್ದಾಗ, ವುಲ್ಫ್ ಹಾಡುತ್ತಿದ್ದ ಹೆಂಡದಂಗಡಿಗೆ ಕದ್ದು ಹೋಗಿದ್ದರಂತೆ. ಒಳಗೆ ಬಿಡುವ ವಯಸ್ಸಲ್ಲ. ಹೊರಗಿದ್ದ ಕೋಕಾ-ಕೋಲಾ ಪೆಟ್ಟಿಗೆಗಳನ್ನು ಪೇರಿಸಿ, ಹತ್ತಿ, ಕಿಟಕಿಯಲ್ಲಿ ಇಣುಕಿದರು. ಪೆಟ್ಟಿಗೆ ಜಾರಿತು. ಹುಡುಗ ಸೀದಾ ವುಲ್ಫ್ ಇದ್ದ ವೇದಿಕೆ ಮೇಲೆ ಬಿದ್ದ! ವುಲ್ಫ್ ಅವನನ್ನು ಓಡಿಸಲು ಬಿಡಲಿಲ್ಲ, ಅಲ್ಲೇ ಕೂರಿಸಿಕೊಂಡರು. ಆಮೇಲೆ ತಾವೇ ಮನೆಗೆ ಕರೆದುಕೊಂಡು ಹೋಗಿ, ಹೊಡೆಯಬೇಡಿ ಎಂದು ಅವನ ಅಮ್ಮನನ್ನು ಕೇಳಿಕೊಂಡರು. ಈ ಕಥೆಯನ್ನು ಹ್ಯೂಬರ್ಟ್ ಮುದುಕರಾದ ಮೇಲೂ ಹೇಳುತ್ತಿದ್ದರು.

1954ರಲ್ಲಿ ವುಲ್ಫ್ ಹ್ಯೂಬರ್ಟ್‌ರನ್ನು ಶಿಕಾಗೋಗೆ ಕರೆಸಿಕೊಂಡರು. ವುಲ್ಫ್ ಆರಡಿ ದಾಟಿದ ಭಾರೀ ಆಳು, ಗಂಟಲು ಜಲ್ಲಿಕಲ್ಲು ಉರುಳಿದ ಹಾಗೆ. ನನ್ನ ಹಾಡಿನ ಮೇಲೇ ನುಡಿಸುತ್ತೀಯ ಅಂತ ಅವರಿಗೆ ಸಿಟ್ಟು. ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಬಿಟ್ಟು ಬರೀ ಬೆರಳಲ್ಲಿ ನುಡಿಸೋದು ಕಲಿತು ಬಾ ಎಂದು ಮನೆಗೆ ಕಳಿಸಿದರು. ಹ್ಯೂಬರ್ಟ್ ಪಿಕ್ ಬಿಟ್ಟೇಬಿಟ್ಟರು.

ನನ್ನ ಪ್ರಕಾರ ಅವರು ಹ್ಯೂಬರ್ಟ್ ಆದದ್ದೇ ಆಗ. ಪಿಕ್‌ನಲ್ಲಿ ಮೀಟಿದರೆ ಎಲ್ಲ ಸ್ವರಕ್ಕೂ ಹೆಚ್ಚುಕಮ್ಮಿ ಒಂದೇ ಮೊನಚು. ಬೆರಳಲ್ಲಾದರೆ ಒಂದು ಸ್ವರ ಮೆತ್ತಗೆ ಬರುತ್ತದೆ, ಮುಂದಿನದು ತಂತಿ ಎಳೆದು ಬಿಟ್ಟಾಗ ಚಟ್ ಅಂತ ಸಿಡಿಯುತ್ತದೆ. ವುಲ್ಫ್ ಅವರ 1964ರ ಹಾಡು 'ಕಿಲ್ಲಿಂಗ್ ಫ್ಲೋರ್' ಶುರುವಾಗುವಾಗ ಬರುವ ಗಿಟಾರ್ ಕೇಳಿ. 1967ರಲ್ಲಿ ಅಮೆರಿಕದ ಮಾಂಟೆರಿ ಸಂಗೀತೋತ್ಸವದಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತಮ್ಮ ಕಾರ್ಯಕ್ರಮ ಶುರು ಮಾಡಿದ್ದು ಇದೇ ಹಾಡಿನಿಂದ. ನಾನು ಅದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೇನೆ. ಸ್ವರಗಳು ಕೈಗೆ ಬಂದವು, ಆ ಸಿಡಿತ ಇನ್ನೂ ಬಂದಿಲ್ಲ.

ನಮ್ಮ ಕಛೇರಿಯಲ್ಲಿ ಪಿಟೀಲಿನವರು ಗಾಯಕರ ಸಂಗತಿಯನ್ನು ನೆರಳಿನ ಹಾಗೆ ಹಿಂಬಾಲಿಸುತ್ತಾರೆ, ಅಲ್ವಾ? ಹ್ಯೂಬರ್ಟ್ ಹಾಗೆ ಹಿಂಬಾಲಿಸುವುದಿಲ್ಲ. ಗಾಯಕ ಹೇಳಿದ ಮಾತಿಗೆ ಅವರದು ಎದುರು ಮಾತು. ಕೆಲವೊಮ್ಮೆ ಒಪ್ಪುತ್ತಾರೆ, ಕೆಲವೊಮ್ಮೆ ಕೆಣಕುತ್ತಾರೆ.

ಇಬ್ಬರ ನಡುವೆ ಜಗಳ ಕಮ್ಮಿ ಇರಲಿಲ್ಲ, ಹೊಡೆದಾಟವೂ ಆಗಿತ್ತು. 1956ರ ಹೊತ್ತಿಗೆ ಇನ್ನೊಬ್ಬ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಹ್ಯೂಬರ್ಟ್‌ರನ್ನು ಸ್ವಲ್ಪ ಕಾಲ ತಮ್ಮ ತಂಡಕ್ಕೆ ಎಳೆದುಕೊಂಡಿದ್ದರು. ಹ್ಯೂಬರ್ಟ್ ವಾಪಸ್ ಬಂದರು. ಆಮೇಲೆ 1976ರಲ್ಲಿ ವುಲ್ಫ್ ತೀರಿಕೊಳ್ಳುವವರೆಗೂ ಅಪ್ಪ ಮಗನ ಹಾಗೆ ಜೊತೆಗಿದ್ದರು. 1970ರಲ್ಲಿ ಲಂಡನ್‌ನಲ್ಲಿ ವುಲ್ಫ್ ಹಾಡುಗಳ ರೆಕಾರ್ಡಿಂಗ್ ನಡೆದಾಗ, ಹ್ಯೂಬರ್ಟ್ ಇರಲೇಬೇಕು ಎಂದು ಹಠ ಹಿಡಿದವರು ಇಂಗ್ಲಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್.

ಹ್ಯೂಬರ್ಟ್ ತಮ್ಮದೇ ಹೆಸರಲ್ಲಿ ಮಾಡಿದ ಆಲ್ಬಮ್‌ಗಳು ನನಗೆ ಅಷ್ಟು ಹಿಡಿಸಲಿಲ್ಲ. ಎದುರು ಮಾತಾಡಲು ಅಲ್ಲಿ ವುಲ್ಫ್ ಇಲ್ಲ. ಆದರೂ ಒಂದು ಶ್ವಾಸಕೋಶ ತೆಗೆದ ಮೇಲೂ ಅವರು ವೇದಿಕೆ ಬಿಡಲಿಲ್ಲ. 2011ರ ಡಿಸೆಂಬರ್ 4ರಂದು, 80ನೇ ವಯಸ್ಸಿನಲ್ಲಿ ಹೋದರು. ಅಂತ್ಯಕ್ರಿಯೆಯ ಖರ್ಚು ಕೊಟ್ಟವರು ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್.

ಒಂದೇ ಒಂದು ಹಾಡು ಕೇಳುವ ಪುರುಸೊತ್ತಿದ್ದರೆ 'ಗೋಯಿಂಗ್ ಡೌನ್ ಸ್ಲೋ' ಕೇಳಿ, ವುಲ್ಫ್ ಹಾಡಿರುವುದನ್ನೇ. ಇಯರ್‌ಫೋನ್ ಹಾಕಿಕೊಳ್ಳಿ. ಹಾಡಿನ ನಡುವೆ ಹಾಡು ಬರೆಯುವ ವಿಲ್ಲಿ ಡಿಕ್ಸನ್ ಸುಮ್ನೆ ಮಾತಾಡುತ್ತಿರುತ್ತಾರೆ, ಆ ಮಾತಿನ ಸಂದಿಯಲ್ಲೆಲ್ಲ ಹ್ಯೂಬರ್ಟ್ ಇದ್ದಾರೆ.